ಬೆಲ್ಟ್ ಅಂದೆ, ಬೆಲ್ಟ್ ಬದಲಾಯಿತು

ನವೆಂಬರಿನಲ್ಲಿ ನೋಯ್ಡಾದ ರಸ್ತೆಯಲ್ಲಿ ಸುಟ್ಟ ವಾಸನೆ ಬಂದರೆ ಯಾರೂ ತಮ್ಮ ಕಾರನ್ನು ಅನುಮಾನಿಸುವುದಿಲ್ಲ. ಆ ತಿಂಗಳು ಇಲ್ಲಿ ಗಾಳಿಯೇ ಸುಟ್ಟಿರುತ್ತದೆ. ಎಲ್ಲೋ ಹೊಲದಲ್ಲಿ ಹಚ್ಚಿದ ಭತ್ತದ ಕೂಳೆ, ಮುಗಿಯದ ದೀಪಾವಳಿಯ ಪಟಾಕಿ, ಖಾಲಿ ಸೈಟಿನಲ್ಲಿ ಹೊಗೆಯಾಡುವ ಕಸ, ರಾತ್ರಿ ಗೇಟಿನ ಪಕ್ಕ ಚೌಕಿದಾರರು ಚಳಿ ಕಾಯಿಸಿಕೊಳ್ಳುವ ಬೆಂಕಿ. ಚೌಕಿದಾರರಿಗೆ ಬೆಂಕಿ ಹಾಕಲು ಬಿಡಬೇಡಿ, ಕರೆಂಟ್ ಹೀಟರ್ ಕೊಡಿ ಎಂದು ಮಾಲಿನ್ಯ ತಡೆಯುವ ‘ಗ್ರ್ಯಾಪ್’ ನಿಯಮಗಳೇ ವಸತಿ ಸಂಘಗಳಿಗೆ ಹೇಳುತ್ತವೆ. ನಮ್ಮ ಸೊಸೈಟಿಯಲ್ಲಿ ಹೀಟರೂ ಬಂದಿದೆ, ಬೆಂಕಿಯೂ ಉಳಿದಿದೆ.

ಹಾಗಾಗಿ ಕಳೆದ ನವೆಂಬರಿನಲ್ಲಿ ನನ್ನ ಕಾರಿನೊಳಗೆ ರಬ್ಬರ್ ಸುಟ್ಟಂಥ ವಾಸನೆ ಬರತೊಡಗಿದಾಗ ನಾನು ಮಾಡಿದ ಮೊದಲ ಕೆಲಸ, ಕಿಟಕಿ ಏರಿಸಿ ಎಸಿಯ ಗಾಳಿ ಒಳಗೊಳಗೇ ತಿರುಗುವಂತೆ ಗುಂಡಿ ಒತ್ತಿದ್ದು. ವಾಸನೆ ಕಡಿಮೆಯಾಯಿತು. ವಾಸನೆ ಬರುವ ದಾರಿಯನ್ನು ಮುಚ್ಚಿ, ವಾಸನೆ ಹೋಯಿತು ಎಂದು ನೆಮ್ಮದಿಪಟ್ಟೆ. ಹತ್ತು ವರ್ಷದಿಂದ ಸಾಫ್ಟ್‌ವೇರಿನಲ್ಲಿ ದೋಷ ಹುಡುಕಿ ಸಂಬಳ ತೆಗೆದುಕೊಳ್ಳುವವನು ನಾನು. ಸುರತ್ಕಲ್‌ನಲ್ಲಿ ಎಂಟೆಕ್ ಮಾಡಿದವನು. ಈ ಬರಹದಲ್ಲಿ ನನ್ನ ವಿದ್ಯೆ ಉಪಯೋಗಕ್ಕೆ ಬಂದ ಜಾಗ ಬಹಳ ಕಡಿಮೆ ಎಂದು ಮೊದಲೇ ಹೇಳಿಬಿಡುತ್ತೇನೆ.

ಕಾರು 2018ರದು, ಪೆಟ್ರೋಲ್ ಹ್ಯಾಚ್‌ಬ್ಯಾಕ್. ಶಿವಮೊಗ್ಗದಲ್ಲಿ ಕೆಎ-14 ಆಗಿ ಹುಟ್ಟಿ, ಒಂದು ವರ್ಷಕ್ಕಿಂತ ಹೆಚ್ಚು ಬೇರೆ ರಾಜ್ಯದಲ್ಲಿಟ್ಟರೆ ನೋಂದಣಿ ಬದಲಿಸಬೇಕೆಂಬ ಕಾನೂನಿಗೆ ತಲೆಬಾಗಿ ಈಗ ಯುಪಿ-16 ಆಗಿದೆ. ನಮ್ಮ ಮನೆ ಸೆಕ್ಟರ್ 137ರಲ್ಲಿ, ಆಫೀಸು ಸೆಕ್ಟರ್ 62ರಲ್ಲಿ. ಪರ್ಥಲಾ ಸೇತುವೆ ಹತ್ತಿ ಇಳಿದು ಅರ್ಧ ಮುಕ್ಕಾಲು ಗಂಟೆಯ ದಾರಿ. ವಾಸನೆ ಹೆಚ್ಚಾಗಿ ಬರುತ್ತಿದ್ದುದು ಆಫೀಸು ತಲುಪಿ ಕಾರು ನಿಲ್ಲಿಸಿದ ಮೇಲೆ. ಎಸಿ ಹಾಕಿದ್ದರೂ ಬರುತ್ತಿತ್ತು, ಹಾಕದಿದ್ದರೂ ಬರುತ್ತಿತ್ತು. ಮೈಲೇಜು ಲೀಟರಿಗೆ 16ರಿಂದ 13ಕ್ಕೆ ಇಳಿದಿತ್ತು. ಅದಕ್ಕೆ ಎಲ್ಲರಂತೆ ನಾನೂ ಎಥೆನಾಲ್ ಬೆರೆಸಿದ ಇ20 ಪೆಟ್ರೋಲನ್ನು ಬೈದುಕೊಂಡಿದ್ದೆ. ಈ ಮೂರು ಸಂಗತಿಗಳನ್ನು ನೆನಪಿಡಿ. ಮೂರೂ ನನಗೆ ಗೊತ್ತಿದ್ದವು, ಮೂರನ್ನೂ ನಾನು ಯಾರಿಗೂ ಹೇಳಲಿಲ್ಲ.

ಬದಲಿಗೆ ಯೂಟ್ಯೂಬ್ ನೋಡಿದೆ. ಎರಡು ರಾತ್ರಿ. ರಬ್ಬರ್ ಸುಟ್ಟ ವಾಸನೆ ಎಂದರೆ ಬೆಲ್ಟ್ ಎಂದು ಅಮೆರಿಕದ ಒಬ್ಬ ಗಡ್ಡದಾತ ಬಹಳ ಚೆನ್ನಾಗಿ ವಿವರಿಸಿದ. ತಪ್ಪೇನೂ ಹೇಳಲಿಲ್ಲ ಪಾಪ. ಎಂಜಿನಿನ ಮುಂದಿರುವ ಆ ಒಂದು ರಬ್ಬರ್ ಪಟ್ಟಿಯೇ ಆಲ್ಟರ್ನೇಟರನ್ನೂ ಎಸಿ ಕಂಪ್ರೆಸರನ್ನೂ, ಹಲವು ಕಾರುಗಳಲ್ಲಿ ನೀರಿನ ಪಂಪನ್ನೂ ತಿರುಗಿಸುತ್ತದೆ. ಅದನ್ನು ಬಿಗಿಯಾಗಿ ಹಿಡಿಯುವ ಟೆನ್ಶನರ್ ಸಡಿಲವಾದರೆ, ಅಥವಾ ಯಾವುದೋ ರಾಟೆಯ ಬೇರಿಂಗ್ ಹಿಡಿದುಕೊಂಡರೆ, ಪಟ್ಟಿ ಜಾರಿ ಉಜ್ಜಿ ಕಾಯುತ್ತದೆ. ವಾಸನೆ ಬರುತ್ತದೆ, ಜೊತೆಗೆ ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಕೀಚಲು ಸದ್ದು ಬರುತ್ತದೆ, ಎಸಿ ಹಾಕಿದರೆ ಎರಡೂ ಹೆಚ್ಚುತ್ತವೆ. ನನ್ನ ಕಾರಿನಲ್ಲಿ ಕೀಚಲು ಸದ್ದಿರಲಿಲ್ಲ. ಎಸಿಗೂ ವಾಸನೆಗೂ ಸಂಬಂಧ ಇರಲಿಲ್ಲ. ಆದರೂ ‘ಬೆಲ್ಟ್’ ಎಂಬ ಉತ್ತರ ಸಿಕ್ಕ ಖುಷಿಯಲ್ಲಿ ಹೊಂದಿಕೆಯಾಗದ್ದನ್ನು ಪಕ್ಕಕ್ಕಿಟ್ಟೆ.

ಶನಿವಾರ ಬೆಳಿಗ್ಗೆ ಕಂಪನಿಯ ಅಧಿಕೃತ ಸರ್ವಿಸ್ ಸೆಂಟರಿಗೆ ಹೋದೆ. ಹೆಸರು ಬೇಡ, ಯಾವ ಸರ್ವಿಸ್ ಸೆಂಟರ್ ಆಗಿದ್ದರೂ ಹೀಗೇ ಆಗುತ್ತಿತ್ತು. ಟ್ಯಾಬ್ಲೆಟ್ ಹಿಡಿದ ಅಡ್ವೈಸರ್ ಹುಡುಗ ಬಂದು ಏನು ತೊಂದರೆ ಎಂದು ಕೇಳಿದ. ಇಲ್ಲಿ ನಿಜ ಒಪ್ಪಿಕೊಳ್ಳಬೇಕು. ನನ್ನ ಹಿಂದಿ ಸಭೆಗೆ ಸಾಕು, ಸಂತೆಗೆ ಸಾಕು, ವಾಸನೆಗೆ ಸಾಲದು. ‘ಜಲ್ನೇ ಕಿ ಬದ್‌ಬೂ’ ಎನ್ನುವುದರ ಮುಂದೆ ನನ್ನ ಬಳಿ ಒಂದು ಪದವೂ ಇಲ್ಲ. ಆ ಕೊರತೆ ಮುಚ್ಚಲು ಇಂಗ್ಲಿಷಿಗೆ ಹಾರಿದೆ. ಬೆಲ್ಟ್ ಸ್ಲಿಪ್ ಆಗುತ್ತಿದೆ, ಟೆನ್ಶನರ್ ವೀಕ್ ಇರಬೇಕು ಎಂದೆ. ವಿಷಯ ತಿಳಿದವನ ಹಾಗೆ ಕಾಣಬೇಕೆಂಬ ಆಸೆಯೂ ಇತ್ತು. ಹುಡುಗ ತಲೆಯಾಡಿಸಿ ಬರೆದುಕೊಂಡ. ಸಂಜೆ ಬೆಲ್ಟ್ ಮತ್ತು ಟೆನ್ಶನರ್ ಬದಲಾಗಿದ್ದವು. 4,860 ರೂಪಾಯಿ. ಜಾಬ್ ಕಾರ್ಡಿನಲ್ಲಿ ಗ್ರಾಹಕರ ದೂರು ಎಂಬ ಸಾಲಿನ ಮುಂದೆ ‘ಬೆಲ್ಟ್ ರಿಪ್ಲೇಸ್‌ಮೆಂಟ್’ ಎಂದಿತ್ತು. ವಾಸನೆಯ ಸುದ್ದಿಯೇ ಇರಲಿಲ್ಲ. ಒಳಗೆ ಸ್ಪ್ಯಾನರ್ ಹಿಡಿದವನಿಗೆ ಈ ಕಾರಿನಲ್ಲಿ ಏನೋ ಸುಡುತ್ತಿದೆ ಎಂಬುದೇ ಗೊತ್ತಿರಲಿಲ್ಲ.

ನನ್ನ ತಂಡದ ಹುಡುಗರು ಇದನ್ನು ಓದಿದರೆ ನಗುತ್ತಾರೆ. ಯಾಕೆಂದರೆ ಆಫೀಸಿನಲ್ಲಿ ಯಾರಾದರೂ ದೋಷದ ವರದಿಯಲ್ಲಿ ‘ಕ್ಯಾಶ್ ಸಮಸ್ಯೆ ಇದೆ’ ಎಂದು ಮಾತ್ರ ಬರೆದರೆ ನಾನು ಅದನ್ನು ಹಿಂದಕ್ಕೆ ಕಳಿಸುತ್ತೇನೆ. ಕಾರಣ ಹುಡುಕುವುದು ನನ್ನ ಕೆಲಸ, ನೀನು ಏನು ಮಾಡಿದೆ, ಏನಾಗಬೇಕಿತ್ತು, ಏನಾಯಿತು ಅಷ್ಟು ಬರೆ ಎನ್ನುತ್ತೇನೆ. ಇದನ್ನು ಹೊಸಬರಿಗೆ ಪಾಠ ಮಾಡುವಾಗ ಸ್ಲೈಡ್ ಕೂಡ ತೋರಿಸುತ್ತೇನೆ. ಗ್ಯಾರೇಜಿಗೆ ಹೋದಾಗ ನಾನು ಬರೆದುಕೊಟ್ಟದ್ದು ಸರಿಯಾಗಿ ಅಂಥದೇ ವರದಿ.

ಮುಂದಿನ ವಾರ ವಾಸನೆ ಬರಲಿಲ್ಲ. ಬೆಲ್ಟೇ ಕಾರಣ ಎಂದು ಹೆಂಡತಿಯೆದುರು ಬೀಗಿದೆ. ಆದರೆ ಆ ವಾರ ಎಕ್ಯೂಐ 400 ದಾಟಿ, ಆಫೀಸು ಮನೆಯಿಂದಲೇ ಕೆಲಸ ಮಾಡಿ ಎಂದಿತ್ತು. ಕಾರು ಹೋಗಿದ್ದು ಹೆಚ್ಚೆಂದರೆ ತರಕಾರಿ ಅಂಗಡಿಗೆ. ಓಡಿಸದೇ ಇದ್ದ ಕಾರು ಸರಿಹೋಗಿದೆ ಎಂದು ನಂಬಿದ್ದೆ! ಆಫೀಸು ತೆರೆದ ಮೊದಲ ದಿನವೇ ವಾಸನೆ ಮರಳಿ ಬಂತು. ಅಡ್ವೈಸರಿಗೆ ಫೋನ್ ಮಾಡಿದರೆ, ಹಾಗಾದರೆ ಕ್ಲಚ್ ಇರಬೇಕು ಸರ್, 16 ಸಾವಿರದ ಅಂದಾಜು ಕಳಿಸುತ್ತೇನೆ ಎಂದ. ಜೊತೆಗೇ, ಏಳು ವರ್ಷದ ಗಾಡಿ, ಎಕ್ಸ್‌ಚೇಂಜಿಗೆ ಯೋಚಿಸಿ ಎಂದೂ ಸೇರಿಸಿದ. ಇಲ್ಲಿ ಈ ಮಾತು ಬಹಳ ಸಲೀಸು. ರಾಜಧಾನಿ ವಲಯದಲ್ಲಿ ಡೀಸೆಲಿಗೆ 10, ಪೆಟ್ರೋಲಿಗೆ 15 ವರ್ಷ ಎಂದು 2015ರಲ್ಲಿ ಹಸಿರು ನ್ಯಾಯಮಂಡಳಿ ಹೇಳಿ, 2018ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿದ ಮೇಲೆ, ಆಮೇಲಿನ ಹಗ್ಗಜಗ್ಗಾಟ ಏನೇ ಇರಲಿ, ಕಾರೆಂದರೆ ಅವಧಿ ಮುದ್ರಿಸಿದ ಹಾಲಿನ ಪ್ಯಾಕೆಟ್ ಎಂಬ ಭಾವನೆ ಇಲ್ಲಿನ ವ್ಯಾಪಾರದಲ್ಲಿ ಕೂತುಬಿಟ್ಟಿದೆ. ಕಾರಣ ಹುಡುಕುವ ತಾಳ್ಮೆ ಯಾರಿಗೂ ಬೇಡ.

ಆ ಹೊತ್ತಿಗೆ ಊರಿನಿಂದ ಅಪ್ಪ ಅಮ್ಮ ಬಂದಿದ್ದರು. ಅಮ್ಮನಿಗೆ ತಾಜ್ ಮಹಲ್ ನೋಡಬೇಕಿತ್ತು. ಬುಧವಾರ ಅವರ ವಾಪಸ್ ವಿಮಾನ, ಹಾಗಾಗಿ ಭಾನುವಾರ ಬೆಳಿಗ್ಗೆ ಹೊರಟೆವು. ಕ್ಲಚ್ ತಾನೇ, ಹೈವೇಯಲ್ಲಿ ಕ್ಲಚ್ಚಿಗೇನು ಕೆಲಸ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡಿದ್ದೆ. ಬೇರೆಯವರ ತಪ್ಪು ಊಹೆಯ ಮೇಲೆ ನನ್ನದೊಂದು ತಪ್ಪು ಊಹೆ ಕಟ್ಟಿ, ಅದರ ಮೇಲೆ ಐದು ಜನರನ್ನು ಕೂರಿಸಿದೆ. ಅದರಲ್ಲಿ ಒಬ್ಬಳು ನಾಲ್ಕು ವರ್ಷದ ಮಗಳು.

ಪರಿ ಚೌಕ್ ದಾಟಿ ಯಮುನಾ ಎಕ್ಸ್‌ಪ್ರೆಸ್‌ವೇ ಹತ್ತಿದೆವು. ಆಗ್ರಾಕ್ಕೆ 165 ಕಿಲೋಮೀಟರ್ ನೇರ ಕಾಂಕ್ರೀಟ್ ರಸ್ತೆ, 2012ರಲ್ಲಿ ತೆರೆದದ್ದು. ಕಾರಿಗೆ ಗಂಟೆಗೆ 100ರ ಮಿತಿ. ನಿಲ್ಲಿಸುವ ಕೆಲಸವೇ ಇಲ್ಲ, ಬ್ರೇಕ್ ಮುಟ್ಟುವುದೂ ಅಪರೂಪ. ಅರ್ಧ ಗಂಟೆಯಾಗಿರಬಹುದು, ಹಿಂದಿನ ಸೀಟಿನ ಎಡಗಡೆ ಕೂತಿದ್ದ ಅಪ್ಪ, ‘ಏನೋ ಇದು, ಆಗುಂಬೆ ಘಾಟಿ ವಾಸನೆ ಬರ್ತಿದ್ಯಲ್ಲ ಮಾರಾಯ’ ಅಂದರು.

ನನಗೆ ಅರ್ಥವಾಗಲಿಲ್ಲ. ‘ಬೆಲ್ಟ್ ಇರಬೇಕು ಅಪ್ಪ, ಅಥವಾ ಕ್ಲಚ್ಚು’ ಅಂದೆ.

‘ಬೆಲ್ಟಿಂದು ಹಿಂಗಿರಲ್ಲ’ ಎಂದು ಅಮ್ಮ ನಡುವೆ ಬಾಯಿ ಹಾಕಿದರು. ‘ಗಿರಣೀಲಿ ಬೆಲ್ಟು ಜಾರಿದಾಗ ಬರೋ ವಾಸನೆ ನಂಗೊತ್ತಿಲ್ವಾ. ಅದು ಘಾಟು. ಇದು ತಳ ಹತ್ತಿದ ಹಾಗಿದೆ.’

ಅಪ್ಪ ತೀರ್ಥಹಳ್ಳಿಯಲ್ಲಿ ಮೇಷ್ಟ್ರಾಗಿದ್ದವರು. ಉಡುಪಿಗೆ ಅವರು ಮಿನಿ ಬಸ್ಸಿನಲ್ಲಿ ಎಷ್ಟು ಸಲ ಹೋಗಿ ಬಂದಿದ್ದಾರೋ ಲೆಕ್ಕವಿಲ್ಲ. ಆಗುಂಬೆಯ ಹದಿನಾಲ್ಕು ತಿರುವು ಇಳಿದು ಸೋಮೇಶ್ವರದಲ್ಲಿ ಬಸ್ಸು ನಿಂತಾಗ ಚಕ್ರದ ಕಡೆಯಿಂದ ಏಳುವ ಬಿಸಿ ವಾಸನೆಯನ್ನು ಹೇಳುತ್ತಿದ್ದರು ಅವರು. ‘ಬಸ್ಸು ಇಳೀಬೇಕಾದ್ರೆ ಬ್ರೇಕ್ ಹಿಡಿದೇ ಇಳಿಸ್ತಾನೆ. ನೀನು ಬಯಲಲ್ಲಿ ಹೋಗ್ತಾ ಇದೀಯ, ಘಾಟಿ ಎಲ್ಲಿದೆ?’

ಆ ಪ್ರಶ್ನೆ ನನ್ನನ್ನು ನಿಲ್ಲಿಸಿತು. ಘಾಟಿ ಇಲ್ಲದೆ ಘಾಟಿಯ ವಾಸನೆ ಬಂದರೆ, ನಾನು ಒತ್ತದೆಯೇ ಯಾವುದೋ ಬ್ರೇಕ್ ಹಿಡಿದಿದೆ ಎಂದರ್ಥ. ಜೇವರ್ ಟೋಲಿನ ಆಸುಪಾಸಿನ ತಂಗುದಾಣದವರೆಗೆ ನಿಧಾನವಾಗಿ ಎಡಕ್ಕೆ ಸರಿದು ಹೋದೆ. ಎಲ್ಲರನ್ನೂ ಇಳಿಸಿ ದೂರ ಕಳಿಸಿ, ಚಕ್ರಗಳ ಹತ್ತಿರ ಕೈಯ ಹಿಂಭಾಗ ಹಿಡಿದು ನೋಡಿದೆ. ಮುಟ್ಟಲಿಲ್ಲ, ಮುಟ್ಟಬಾರದು ಕೂಡ. ಹಿಂದಿನ ಬಲಗಡೆ ತಣ್ಣಗಿತ್ತು. ಹಿಂದಿನ ಎಡಗಡೆ ದೋಸೆ ಕಾವಲಿಯ ಮೇಲೆ ಕೈ ಹಿಡಿದಂತಾಯಿತು. ಕೋವಿಡ್ ಕಾಲದ ಹಣೆಗೆ ಹಿಡಿಯುವ ಥರ್ಮಾಮೀಟರ್ ಇನ್ನೂ ಕಾರಿನ ಪ್ರಥಮ ಚಿಕಿತ್ಸೆ ಡಬ್ಬದಲ್ಲಿತ್ತು. ಅದು ಮನುಷ್ಯನ ಜ್ವರಕ್ಕೆ ಮಾಡಿದ್ದು, ಮೇಲೆ ಕೆಳಗೆ ಸ್ವಲ್ಪವೇ ಅಳೆಯುತ್ತದೆ. ಬಲಚಕ್ರಕ್ಕೆ ಹಿಡಿದರೆ ‘ಲೋ’ ಎಂದಿತು, ಎಡಚಕ್ರಕ್ಕೆ ಹಿಡಿದರೆ ‘ಹೈ’ ಎಂದಿತು. ನನಗೆ ಬೇಕಿದ್ದುದೂ ಅಷ್ಟೇ. ಒಂದೇ ಆಕ್ಸಲಿನ ಎರಡು ಚಕ್ರ, ಒಂದೇ ರಸ್ತೆ, ಒಂದೇ ವೇಗ, ಒಂದು ತಣ್ಣಗೆ ಇನ್ನೊಂದು ಕೆಂಡ. ಮುಂದಿನ ಚಕ್ರಗಳನ್ನು ಹಿಂದಿನವುಗಳ ಜೊತೆ ಹೋಲಿಸಿದರೆ ಮೋಸ ಹೋಗುತ್ತೀರಿ, ಮುಂದಿನ ಬ್ರೇಕಿಗೆ ಕೆಲಸ ಹೆಚ್ಚು, ಬಿಸಿ ಸಹಜವಾಗಿಯೇ ಹೆಚ್ಚು. ಎಡಕ್ಕೆ ಬಲವನ್ನೇ ಹೋಲಿಸಬೇಕು.

ಅಲ್ಲಿದ್ದ ಪಂಕ್ಚರ್ ಅಂಗಡಿಯವನು ಬಕೆಟ್ ನೀರು ತಂದು ಸುರಿಯಲು ಹೊರಟ. ಬೇಡವೆಂದು ಕೈ ಹಿಡಿದೆ. ಕಾದ ಎರಕದ ಕಬ್ಬಿಣದ ಮೇಲೆ ತಣ್ಣೀರು ಬಿದ್ದರೆ ಬಿರುಕು ಬಿಡಬಹುದು. ತಾನಾಗಿ ಆರಬೇಕು. ಹ್ಯಾಂಡ್‌ಬ್ರೇಕ್ ಎಳೆಯದೆ, ಸಮತಟ್ಟು ಜಾಗದಲ್ಲಿ ಗೇರಿನಲ್ಲಿ ನಿಲ್ಲಿಸಿ, ಮುಂಚಕ್ರಕ್ಕೆ ಕಲ್ಲು ಕೊಟ್ಟೆ. ವಿಮೆಯ ಜೊತೆ ಬರುವ ರಸ್ತೆ ನೆರವಿಗೆ ಫೋನ್ ಮಾಡಿ ಎರಡು ಗಂಟೆ ಕಾದ ಮೇಲೆ ಲಾರಿ ಬಂತು. ಮನೆಯವರೆಲ್ಲ ಕ್ಯಾಬ್ ಹಿಡಿದು ವಾಪಸ್ ಹೊರಟರು. ತಾಜ್ ಮಹಲ್ ನೂರು ಕಿಲೋಮೀಟರಿಗೂ ಹೆಚ್ಚು ದೂರದಲ್ಲೇ ಉಳಿಯಿತು. ‘ಟೀವೀಲಿ ನೋಡಿದೀನಿ ಬಿಡು’ ಎಂದು ಅಮ್ಮ ಅಂದಾಗ ನನಗೆ ಏನೂ ಹೇಳಲು ತೋಚಲಿಲ್ಲ.

ಹೆದರಿಸಲು ಹೇಳುತ್ತಿಲ್ಲ, ಆದರೆ ಹಾಗೇ ಹೋಗಿದ್ದರೆ ಏನಾಗಬಹುದಿತ್ತು ಎಂದು ಆಮೇಲೆ ಲೆಕ್ಕ ಹಾಕಿದೆ. ಬ್ರೇಕ್ ಡ್ರಮ್ಮಿನ ಬಿಸಿ ರಿಮ್ಮಿಗೆ, ರಿಮ್ಮಿನಿಂದ ಟೈರಿಗೆ ಹೋಗುತ್ತದೆ. 100ರ ವೇಗದಲ್ಲಿ ಟೈರ್ ಒಡೆದರೆ ಚಾಲಕನ ಕೈಯಲ್ಲಿ ಹೆಚ್ಚೇನೂ ಉಳಿಯುವುದಿಲ್ಲ. ಅದೇ ಬಿಸಿ ಡ್ರಮ್ಮಿನೊಳಗಿನ ಸಿಲಿಂಡರಿಗೆ ಹೋದರೆ ಬ್ರೇಕ್ ಎಣ್ಣೆ ಕುದಿಯಬಹುದು. ಡಾಟ್-3 ದರ್ಜೆಯ ಎಣ್ಣೆ ಹೊಸದಾಗಿದ್ದಾಗ ಕನಿಷ್ಠ 205 ಡಿಗ್ರಿವರೆಗೆ ಕುದಿಯದೆ ನಿಲ್ಲಬೇಕು. ಅದು ಗಾಳಿಯ ತೇವ ಹೀರುವ ಜಾತಿ, ಹಳತಾದಂತೆ ಆ ಮಿತಿ 140ರ ಹತ್ತಿರ ಬರುತ್ತದೆ. ಕುದಿದರೆ ಆವಿ. ಪೆಡಲ್ ಒತ್ತಿದರೆ ಆವಿ ಒತ್ತಿಕೊಳ್ಳುತ್ತದೆ, ಬ್ರೇಕ್ ಹಿಡಿಯುವುದಿಲ್ಲ. ನಾನು ಎಣ್ಣೆ ಬದಲಿಸಿ ನಾಲ್ಕು ವರ್ಷವಾಗಿತ್ತು.

ಸೋಮವಾರ ಸೆಕ್ಟರ್ 16ರ ಕಾರ್ ಮಾರ್ಕೆಟ್ಟಿಗೆ ಹೋದೆ. ನೋಯ್ಡಾದವರಿಗೆ ಅದು ನಮ್ಮ ಜೆ.ಸಿ. ರಸ್ತೆ ಇದ್ದಂತೆ. ಸೀಟ್ ಕವರ್, ಹಾರ್ನ್, ಬಿಡಿಭಾಗ, ಮೆಕ್ಯಾನಿಕ್ ಎಲ್ಲ ಒಂದೇ ಗದ್ದಲದಲ್ಲಿ. ಸಹೋದ್ಯೋಗಿಯೊಬ್ಬರು ಹೇಳಿದ್ದ ಮೆಕ್ಯಾನಿಕ್ಕನ ಮುಂದೆ ನಿಂತು, ಈ ಸಲ ಯಾವ ಬಿಡಿಭಾಗದ ಹೆಸರನ್ನೂ ಹೇಳಬಾರದೆಂದು ಹಲ್ಲು ಕಚ್ಚಿದೆ. ‘ಉಸ್ತಾದ್‌ಜಿ, ಪಹಾಡ್ ಸೇ ಉತರೀ ಹುಯಿ ಬಸ್ ಜೈಸಿ ಬದ್‌ಬೂ’ ಅಂದೆ. ಆತ ಕೈ ಒರೆಸಿಕೊಳ್ಳುತ್ತಾ ನಕ್ಕ. ತಾನು ಗಢವಾಲದವನು, ಋಷಿಕೇಶಕ್ಕೆ ಇಳಿದು ಬರುವ ಬಸ್ಸುಗಳ ಆ ವಾಸನೆ ಮೂಗಿನಲ್ಲೇ ಇದೆ ಎಂದ. ಆಮೇಲೆ ಪ್ರಶ್ನೆಗಳು ಶುರುವಾದವು. ಬೆಳಿಗ್ಗೆ ಗಾಡಿ ಮೊದಲ ಸಲ ಅಲುಗಿದಾಗ ಹಿಂದಿನಿಂದ ‘ಟಕ್’ ಅಂತ ಸದ್ದು ಬರುತ್ತಾ? ಬರುತ್ತಿತ್ತು, ಆದರೆ ಅದನ್ನು ನಾನು ಸದ್ದೆಂದೇ ಎಣಿಸಿರಲಿಲ್ಲ. ನ್ಯೂಟ್ರಲ್ ಮಾಡಿ ಬಿಟ್ಟರೆ ಗಾಡಿ ಉರುಳುತ್ತಾ, ಬೇಗ ನಿಲ್ಲುತ್ತಾ? ಬೇಗ ನಿಲ್ಲುತ್ತಿತ್ತು. ಪೆಟ್ರೋಲ್ ಹೆಚ್ಚು ಕುಡಿಯುತ್ತಾ? ಪಾಪದ ಇ20! ಕೊನೆಗೆ ಕೇಳಿದ, ಮಳೆಗಾಲದಲ್ಲಿ ಗಾಡಿ ಎಲ್ಲಿ ನಿಂತಿತ್ತು?

ಆಗಸ್ಟಿನಲ್ಲಿ ಮೂರು ವಾರ ನಾವು ಊರಿನಲ್ಲಿದ್ದೆವು. ಕಾರು ಬೇಸ್‌ಮೆಂಟಿನಲ್ಲಿ, ಹ್ಯಾಂಡ್‌ಬ್ರೇಕ್ ಬಿಗಿಯಾಗಿ ಎಳೆದು. ಅದರ ನಡುವೆ ಒಮ್ಮೆ ಬೇಸ್‌ಮೆಂಟಿಗೆ ನೀರು ನುಗ್ಗಿತ್ತೆಂದು ಸೊಸೈಟಿಯ ಗುಂಪಿನಲ್ಲಿ ಫೋಟೊ ಬಂದಿತ್ತು.

ಕಾರು ಗೇರಿನಲ್ಲಿಟ್ಟು, ಮುಂಚಕ್ರಕ್ಕೆ ಕಲ್ಲು ಕೊಟ್ಟು, ಹಿಂದೆ ಜ್ಯಾಕ್ ಹಾಕಿ ಎತ್ತಿ, ಬಲಚಕ್ರವನ್ನು ಕೈಯಿಂದ ತಿರುಗಿಸಿದ. ಸುಮ್ಮನೆ ತಿರುಗಿತು. ಎಡಚಕ್ರ ಕಾಲು ಸುತ್ತು ತಿರುಗಿ, ಸರಕ್ ಎಂದು ಉಜ್ಜಿ ನಿಂತಿತು. ನಾನು ಹ್ಯಾಂಡ್‌ಬ್ರೇಕ್ ಪೂರ್ತಿ ಕೆಳಗಿಳಿಸಿದ್ದೆ, ಡ್ಯಾಶ್‌ಬೋರ್ಡಿನ ಕೆಂಪು ದೀಪ ಆರಿತ್ತು. ‘ದೀಪ ಆರಿದೆಯಲ್ಲ’ ಎಂದೆ. ಆತ ಹೇಳಿದ ಮಾತು ನನ್ನ ವೃತ್ತಿಯವರೆಲ್ಲ ಕೇಳಬೇಕಾದ್ದು. ಆ ದೀಪದ ಸ್ವಿಚ್ ಇರುವುದು ನಿಮ್ಮ ಕೈ ಪಕ್ಕದ ಲಿವರಿನ ಬುಡದಲ್ಲಿ, ಚಕ್ರದಲ್ಲಲ್ಲ. ಲಿವರ್ ಇಳಿಯಿತು ಎಂದಷ್ಟೇ ಅದಕ್ಕೆ ಗೊತ್ತು. ಬ್ರೇಕ್ ಬಿಟ್ಟಿತೋ ಇಲ್ಲವೋ ಅದಕ್ಕೇನು ಗೊತ್ತು?

ನಡೆದದ್ದು ಇಷ್ಟು. ಲಿವರಿನಿಂದ ಹಿಂದಿನ ಡ್ರಮ್ಮಿನವರೆಗೆ ಕೊಳವೆಯೊಳಗೆ ಉಕ್ಕಿನ ಹಗ್ಗ ಹೋಗುತ್ತದೆ. ಎಳೆದಾಗ ಅದು ಬ್ರೇಕ್ ಶೂಗಳನ್ನು ಡ್ರಮ್ಮಿಗೆ ಒತ್ತುತ್ತದೆ. ಬಿಟ್ಟಾಗ ಡ್ರಮ್ಮಿನೊಳಗಿನ ಸ್ಪ್ರಿಂಗು ಹಗ್ಗವನ್ನು ಹಿಂದಕ್ಕೆ ಎಳೆದುಕೊಳ್ಳಬೇಕು. ನಾವು ಬಲ ಹಾಕುವುದು ಎಳೆಯಲು ಮಾತ್ರ, ಬಿಡಿಸುವುದೆಲ್ಲ ಆ ಪುಟ್ಟ ಸ್ಪ್ರಿಂಗಿನ ಪಾಲು. ಕೊಳವೆಯ ರಬ್ಬರ್ ಹರಿದು ನೀರು ಸೇರಿ ಹಗ್ಗ ತುಕ್ಕು ಹಿಡಿದಿತ್ತು. ನನ್ನ ತೋಳು ತುಕ್ಕನ್ನು ಗೆಲ್ಲುತ್ತಿತ್ತು, ಸ್ಪ್ರಿಂಗು ಸೋಲುತ್ತಿತ್ತು. ಶೂ ಚೂರೇ ಚೂರು ಡ್ರಮ್ಮಿಗೆ ತಾಗಿಕೊಂಡೇ ಇರುತ್ತಿತ್ತು. ಪೇಟೆಯಲ್ಲಿ ಗಂಟೆಗೆ 20ರಲ್ಲಿ ಹೋದರೆ ಹುಟ್ಟುವ ಬಿಸಿ ಅಲ್ಲಲ್ಲೇ ಆರುತ್ತದೆ. ಎಕ್ಸ್‌ಪ್ರೆಸ್‌ವೇಯಲ್ಲಿ ಅರ್ಧ ಗಂಟೆ ನಿಲ್ಲದೆ ಉಜ್ಜಿದರೆ ಆರುವುದೆಲ್ಲಿ? ಶೂವಿನ ಪದರ ಅಂಟಿಸಿ ಗಟ್ಟಿ ಮಾಡಿರುವುದು ರಾಳದಿಂದ, ಅದು ಕಾದಾಗ ಬರುವ ವಾಸನೆಯನ್ನೇ ನಾವು ‘ರಬ್ಬರ್ ಸುಟ್ಟ ವಾಸನೆ’ ಎಂದುಬಿಡುತ್ತೇವೆ. ಓಡುವಾಗ ಗಾಳಿ ಅದನ್ನು ಹಿಂದಕ್ಕೆ ಒಯ್ಯುತ್ತದೆ, ನಿಂತಾಗ ಮೂಗಿಗೆ ಬಡಿಯುತ್ತದೆ. ಬೆಲ್ಟಾಗಿದ್ದರೆ ಎಂಜಿನ್ ಕಡೆಯಿಂದ, ಅದೂ ಎಸಿ ಹಾಕಿದಾಗ ಬರಬೇಕಿತ್ತು. ಕ್ಲಚ್ಚಾಗಿದ್ದರೆ ಸೇತುವೆಯ ಏರಿನಲ್ಲಿ, ಟ್ರಾಫಿಕ್ಕಿನ ಅರೆಕ್ಲಚ್ಚಿನಲ್ಲಿ ಬರಬೇಕಿತ್ತು, ಸಾಫಾದ ಹೈವೇಯಲ್ಲಲ್ಲ. ನಾನು ನೆನಪಿಡಿ ಎಂದಿದ್ದ ಆ ಮೂರು ಸಂಗತಿಗಳೂ ಸೀದಾ ಹಿಂದಿನ ಚಕ್ರಕ್ಕೇ ಬೆರಳು ತೋರಿಸುತ್ತಿದ್ದವು.

ಇಷ್ಟಾದರೂ ಉಸ್ತಾದ್ ನೇರವಾಗಿ ಕೇಬಲ್ ತರಿಸಲಿಲ್ಲ, ಅದು ನನಗೆ ಇಷ್ಟವಾಯಿತು. ಮೊದಲು ಕೇಬಲನ್ನು ಬಿಚ್ಚಿ ಚಕ್ರ ತಿರುಗಿಸಿದ. ಈಗ ಸಲೀಸಾಗಿ ತಿರುಗಿದರೆ ತಪ್ಪು ಕೇಬಲಿನದು, ಇಲ್ಲವಾದರೆ ಒಳಗಿನ ಸಿಲಿಂಡರಿನದೋ ಶೂವಿನದೋ ಎಂದ. ತಿರುಗಿತು. ಎರಡೂ ಕೇಬಲ್ ಹೊಸದು (ಬಲಗಡೆಯದಕ್ಕೂ ಅಷ್ಟೇ ವಯಸ್ಸು, ಅದೇ ನೀರು), ಹಿಂದಿನ ಶೂಗಳ ಜೊತೆ, ಬಿಸಿಗೆ ಗಟ್ಟಿಯಾಗಿದ್ದ ಸಿಲಿಂಡರಿನ ರಬ್ಬರು, ಬ್ರೇಕ್ ಎಣ್ಣೆ, ಕೂಲಿ, ಎಲ್ಲ ಸೇರಿ 3,900 ರೂಪಾಯಿ. ಹಳೆಯ ಕೇಬಲ್ಲನ್ನು ಕೈಗೆ ಕೊಟ್ಟು ಎಳೆದು ನೋಡಿ ಎಂದ. ನನ್ನಿಂದ ಎಳೆಯಲು ಆಯಿತು, ಹಿಂದಕ್ಕೆ ದೂಡಲು ಆಗಲಿಲ್ಲ.

ಈ ಕತೆ ಹೇಳಿದಾಗ ಆಫೀಸಿನ ಕನ್ನಡದ ಗೆಳೆಯರೊಬ್ಬರು ಒಪ್ಪಲಿಲ್ಲ. ನಮಗೆ ವಿಷಯ ಗೊತ್ತಿದೆ ಎಂದು ತೋರಿಸಿಕೊಳ್ಳದಿದ್ದರೆ ಇಲ್ಲಿ ಟೋಪಿ ಹಾಕುತ್ತಾರೆ, ಪಾರ್ಟಿನ ಹೆಸರು ಎರಡು ಉದುರಿಸಿದರೇನೇ ಭಯ ಇರುತ್ತದೆ ಎಂಬುದು ಅವರ ವಾದ. ಪರಊರಿನಲ್ಲಿ ಬದುಕುವ ನಮ್ಮಲ್ಲಿ ಬಹಳ ಮಂದಿ ಹೀಗೇ ನಂಬಿದ್ದೇವೆ. ಪುಣೆಯಲ್ಲಾಗಲಿ, ಗುರುಗ್ರಾಮದಲ್ಲಾಗಲಿ, ಭಾಷೆ ಕೈಕೊಟ್ಟ ಕಡೆಯೆಲ್ಲ ಇಂಗ್ಲಿಷಿನ ತಾಂತ್ರಿಕ ಪದವೇ ನಮ್ಮ ಗುರಾಣಿ. ನನಗೀಗ ಅದು ಪೂರ್ತಿ ತಪ್ಪೆನಿಸುತ್ತದೆ. ಪಾರ್ಟಿನ ಹೆಸರು ನಾವೇ ಹೇಳಿದ ಕ್ಷಣ ಹುಡುಕುವ ಹೊಣೆ ಅವರ ಹೆಗಲಿನಿಂದ ಇಳಿಯುತ್ತದೆ. ‘ನೀವೇ ಹೇಳಿದ್ದಲ್ವಾ ಸರ್’ ಎನ್ನಲು ಅವರಿಗೆ ಕಾಗದದಲ್ಲೇ ಸಾಕ್ಷಿ ಸಿಗುತ್ತದೆ. ಬೆಲ್ಟಿನ ಹಣ ವಾಪಸ್ ಕೇಳಲು ಸರ್ವಿಸ್ ಸೆಂಟರಿಗೆ ಹೋದಾಗ ನನಗೆ ಸಿಕ್ಕಿದ ಉತ್ತರ ಅಕ್ಷರಶಃ ಅದೇ. ಅವರು ಸುಳ್ಳು ಹೇಳುತ್ತಿರಲಿಲ್ಲ. ದೂರು ‘ಸುಟ್ಟ ವಾಸನೆ’ ಎಂದಿದ್ದರೆ, ವಾಸನೆ ಹೋಗಲಿಲ್ಲ ಎಂದು ಗಟ್ಟಿಯಾಗಿ ಕೇಳಬಹುದಿತ್ತು. ‘ಬೆಲ್ಟ್’ ಎಂದ ದೂರಿಗೆ ಬೆಲ್ಟ್ ಬಂದಿದೆ, ಲೆಕ್ಕ ಮುಗಿದಿದೆ.

ಹಾಗಾಗಿ ಈಗ ನಾನು ಜಾಬ್ ಕಾರ್ಡಿನಲ್ಲಿ ಲಕ್ಷಣವನ್ನೇ ಬರೆಸುತ್ತೇನೆ. ಯಾವಾಗ, ಎಷ್ಟು ದೂರ ಹೋದ ಮೇಲೆ, ಎಲ್ಲಿ ಕೂತವರಿಗೆ, ಏನು ಮಾಡಿದರೆ ಹೆಚ್ಚು. ಬರೆಯದೆ ಸಹಿ ಹಾಕುವುದಿಲ್ಲ. ಮೆಕ್ಯಾನಿಕ್ಕೇ ಪಕ್ಕದಲ್ಲಿ ಕೂತು ಒಂದು ಸುತ್ತು ಬರಲಿ ಎನ್ನುತ್ತೇನೆ, ಮೂಗು ಅವನದೂ ಬೇಕು. ಮಾತು ಮುರಿದುಬಿದ್ದರೆ 1915 ಇದೆ, ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಅದು 17 ಭಾಷೆಗಳಲ್ಲಿ ದೂರು ಕೇಳುತ್ತದೆ, ಕನ್ನಡವೂ ಅದರಲ್ಲಿದೆ. ನೋಯ್ಡಾದ ಗ್ಯಾರೇಜಿನ ಮೇಲಿನ ಸಿಟ್ಟನ್ನು ಕನ್ನಡದಲ್ಲೇ ತೋಡಿಕೊಳ್ಳಬಹುದೆಂಬುದು ನನಗೆ ತಿಳಿದದ್ದು ಇತ್ತೀಚೆಗೆ.

ಇನ್ನು ವಾಸನೆಗೆ ಪದ ಸಾಲದೆಂಬ ಚಿಂತೆ ಬಿಡಿ, ನಮ್ಮ ಅಡುಗೆಮನೆಯಲ್ಲಿ ಅದರ ಕೋಶವೇ ಇದೆ. ತಳ ಹತ್ತಿದ ವಾಸನೆ, ಸೀದ ಹಾಲು, ಒಗ್ಗರಣೆಯ ಘಾಟು, ಕಾದು ಹೊಗೆಯಾಡುವ ಎಣ್ಣೆ. ಕೊನೆಯದು ಬಂದರೆ ಎಂಜಿನ್ ಎಣ್ಣೆ ಸೋರಿ ಸೈಲೆನ್ಸರಿನ ಕೊಳವೆಯ ಮೇಲೆ ಬೀಳುತ್ತಿರಬಹುದು. ಬೆಲ್ಲದ ಪಾಕದಂಥ ಸಿಹಿ ವಾಸನೆ ಬಂದರೆ ರೇಡಿಯೇಟರಿನ ಕೂಲೆಂಟ್. ಹಾಲಿನ ಪ್ಯಾಕೆಟ್ ಒಲೆಗೆ ತಾಗಿದಂಥದು ಬಂದರೆ ಕೆಳಗೆ ಬಗ್ಗಿ ನೋಡಿ, ರಸ್ತೆಯ ಪಾಲಿಥಿನ್ ಚೀಲ ಸೈಲೆನ್ಸರಿಗೆ ಅಂಟಿ ಕರಗುತ್ತಿರಬಹುದು, ಖರ್ಚಿಲ್ಲದ ಕಾಯಿಲೆ. ಆದರೆ ಸ್ವಿಚ್‌ಬೋರ್ಡ್ ಸುಟ್ಟಂಥ ಚುರುಕು ವಾಸನೆ ಮಾತ್ರ ತಮಾಷೆಯಲ್ಲ. ಅದು ವೈರಿಂಗ್. ಚಳಿಗಾಲದಲ್ಲಿ ಬೆಚ್ಚಗಿನ ಎಂಜಿನ್ ಹುಡುಕಿ ಬರುವ ಇಲಿಗಳು ವೈರ್ ಕಡಿದಿರುತ್ತವೆ. ಅಲ್ಲಿಯೇ ನಿಲ್ಲಿಸಿ, ಕೀ ತೆಗೆದು, ಎಲ್ಲರೂ ಇಳಿದು ದೂರ ಹೋಗಬೇಕು. ಹೊಗೆ ಕಂಡರೆ ಬಾನೆಟ್ ತೆರೆದು ನೋಡುವ ಶೌರ್ಯ ಬೇಡ, 112ಕ್ಕೆ ಫೋನ್ ಮಾಡಿ. ಊರಿಗೆ ಹೋಗುವಾಗ ಕಾರನ್ನು ವಾರಗಟ್ಟಲೆ ನಿಲ್ಲಿಸಿ ಹೋಗುವವರು ಸಮತಟ್ಟಾದ ಜಾಗದಲ್ಲಿ ಹ್ಯಾಂಡ್‌ಬ್ರೇಕ್ ಬದಲು ಗೇರಿನಲ್ಲಿಟ್ಟು, ಚಕ್ರಕ್ಕೊಂದು ಇಟ್ಟಿಗೆ ಕೊಟ್ಟು ಹೋಗಿ.

ಅಪ್ಪ ಊರಿಗೆ ಹೋದ ಮೇಲೆ ಫೋನ್ ಮಾಡಿದಾಗಲೆಲ್ಲ ‘ಘಾಟಿ ಇಳಿದಾಯ್ತಾ?’ ಎಂದು ಕೇಳುತ್ತಾರೆ.

ಜನವರಿಯಲ್ಲಿ ಒಂದು ರಾತ್ರಿ ಆಫೀಸಿನಿಂದ ಬಂದು ಸೊಸೈಟಿಯ ಗೇಟಿನ ಹತ್ತಿರ ನಿಂತಾಗ ಮತ್ತೆ ರಬ್ಬರ್ ಸುಟ್ಟ ವಾಸನೆ ಬಂತು. ಎದೆ ಧಸಕ್ಕೆಂದಿತು. ಮಂಜಿನಲ್ಲೇ ಇಳಿದು, ಕಾರಿನ ಹಿಂದೆ ಬಗ್ಗಿ, ಎಡಕ್ಕೂ ಬಲಕ್ಕೂ ಕೈ ಹಿಡಿದು ನೋಡಿದೆ. ಎರಡೂ ತಣ್ಣಗೆ ಕೊರೆಯುತ್ತಿದ್ದವು. ತಲೆ ಎತ್ತಿದರೆ, ಗೇಟಿನ ಪಕ್ಕ ಚೌಕಿದಾರ ಹಳೇ ಟೈರಿನ ತುಂಡೊಂದನ್ನು ಬೆಂಕಿಗೆ ಒಡ್ಡುತ್ತಿದ್ದ. ಸೊಸೈಟಿ ಕೊಟ್ಟ ಹೀಟರ್ ಪಕ್ಕದಲ್ಲೇ ಇತ್ತು. ಕರೆಂಟ್ ಹೋಗಿದೆ ಸಾಬ್ ಎಂದು, ನನಗೂ ಚಳಿಯಾಗಿರಬೇಕೆಂದುಕೊಂಡು ಕುರ್ಚಿ ಸರಿಸಿ ಜಾಗ ಮಾಡಿಕೊಟ್ಟ.